ಮೆಜುಗೋರಿಯೆ: ಅನುಮತಿ ಮತ್ತು ಮೌನ

1862ರಲ್ಲಿ ತಾರ್ಬ್‌ನ ಧರ್ಮಾಧ್ಯಕ್ಷರು, ಲೂರ್ದ್‌ನ ಗವಿಯಲ್ಲಿ ಬೆರ್ನಾದೆತ್‌ಗೆ ಮಾತೆ ಮರಿಯಮ್ಮನವರು ನಿಜವಾಗಿಯೂ ದರ್ಶನವಿತ್ತರೆಂದು ಘೋಷಿಸಿದರು. 2024ರ ಮೇ ತಿಂಗಳಲ್ಲಿ ವಿಶ್ವಾಸ ಸಿದ್ಧಾಂತದ ಪೀಠವು ಹೊರಡಿಸಿದ ನಿಯಮಾವಳಿಯು ಅಂಥ ಘೋಷಣೆಯನ್ನು ಸಾಮಾನ್ಯ ತೀರ್ಪುಗಳ ಸಾಲಿನಿಂದ ತೆಗೆದಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೋಸ್ನಿಯಾದ ಮೆಜುಗೋರಿಯೆಗೆ ದೊರೆತದ್ದು ‘ಅಡ್ಡಿಯಿಲ್ಲ’ ಎಂಬ ತೀರ್ಪು. ಅದು ಅಲ್ಲಿನ ಆಧ್ಯಾತ್ಮಿಕ ಫಲಗಳನ್ನು ಮನ್ನಿಸುತ್ತದೆ. 1981ರಿಂದ ವರದಿಯಾಗುತ್ತಿರುವ ದರ್ಶನಗಳು ದೈವಿಕವೇ ಎಂಬುದನ್ನು ನಿರ್ಣಯಿಸುವುದಿಲ್ಲ.

ಈ ಎಚ್ಚರವನ್ನು ನಾವು ಸ್ವಾಗತಿಸುತ್ತೇವೆ. ಕ್ರಿಸ್ತರಲ್ಲಿ ಪೂರ್ಣಗೊಂಡ ದೈವಪ್ರಕಟಣೆಗೆ ಯಾವ ದರ್ಶನವೂ ಏನನ್ನೂ ಸೇರಿಸಲಾರದು. ಮನ್ನಣೆ ಪಡೆದ ದರ್ಶನವನ್ನೂ ನಂಬಲೇಬೇಕೆಂಬ ಕಟ್ಟಳೆ ವಿಶ್ವಾಸಿಗಳಿಗಿಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಬಹುಕಾಲದ ಮೇಲೆ ಪಾಪನಿವೇದನೆಗೆ ಮರಳಿದ ಯಾತ್ರಿಕರು ‘ಮಾತೆ ಬಂದಿದ್ದರೇ?’ ಎಂದು ಕೇಳಿದಾಗ, ಫಲಗಳನ್ನಷ್ಟೇ ತೋರಿಸಿದರೆ ಉತ್ತರವಾಗದು. ದೇವರು ಮಾನವರ ತಪ್ಪುಗ್ರಹಿಕೆಯ ನಡುವೆಯೂ ವರಪ್ರಸಾದವನ್ನು ಕರುಣಿಸಬಲ್ಲರು. ಆದುದರಿಂದ ಫಲವು ದರ್ಶನದ ಸುಳಿವಾಗಬಹುದೇ ಹೊರತು ಪ್ರಮಾಣವಾಗದು. ಇದನ್ನು ಸ್ಪಷ್ಟವಾಗಿ ಬೋಧಿಸುವ ಹೊಣೆ ಯಾಜಕರಾದ ನಮ್ಮದು. ನಾವು ಸುಮ್ಮನಿದ್ದರೆ ಅನುಮತಿಯನ್ನೇ ಜನರು ದೃಢೀಕರಣವೆಂದು ತಿಳಿಯುವರು. ಕಾನಾ ಊರಿನ ಮದುವೆಯಲ್ಲಿ ಸೇವಕರನ್ನು ಪುತ್ರನ ಮಾತಿಗೆ ಒಪ್ಪಿಸಿದ ಮಾತೆಗೆ ಅಂಥ ಗೊಂದಲದಿಂದ ಗೌರವ ಸಲ್ಲದು.