ಕಣ್ಣಪ್ಪನ ಕಥೆ: ಪುರಾಣ, ರಗಳೆ, ಚಲಚ್ಚಿತ್ರ

ಕೃತಿಯೊಂದು ಒಂದು ಪ್ರಕಾರದಿಂದ ಮತ್ತೊಂದಕ್ಕೆ ರೂಪಾಂತರ ಹೊಂದಿದಾಗಲೆಲ್ಲ ಗ್ರಂಥಪ್ರಿಯರು ಎತ್ತುವ ಆಕ್ಷೇಪ ಒಂದೇ: ‘ಮೂಲದಲ್ಲಿ ಹೀಗಿಲ್ಲ.’ ಇದಕ್ಕೆ ನಮ್ಮ ಕಾವ್ಯಮೀಮಾಂಸೆ ಬಹು ಹಿಂದೆಯೇ ಸಮಾಧಾನ ಹೇಳಿದೆ. ಇತಿಹಾಸದಿಂದ ಬಂದ ಕಥೆಯೇ ಆದರೂ ರಸಕ್ಕೆ ಹೊಂದದ ಭಾಗವನ್ನು ಬಿಟ್ಟು ಉಚಿತವಾದುದನ್ನು ಕಲ್ಪಿಸಿಕೊಳ್ಳುವ ಅಧಿಕಾರ ಕವಿಗೆ ಉಂಟೆಂಬುದು ಧ್ವನ್ಯಾಲೋಕದಲ್ಲಿ ಆನಂದವರ್ಧನನ ಮತ. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ ಪಂಪನನ್ನು ಆದಿಕವಿಯೆಂದು ಗೌರವಿಸುವ ನಾವು ಈ ಅಧಿಕಾರವನ್ನು ಅಲ್ಲಗಳೆಯಲಾರೆವು. ಆದುದರಿಂದ ಬದಲಾವಣೆ ಆಯಿತೇ ಎಂಬುದಲ್ಲ, ಆ ಬದಲಾವಣೆ ಕಥೆಯ ಹೃದಯವನ್ನು ಏನು ಮಾಡಿತು ಎಂಬುದೇ ವಿಮರ್ಶಕನ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಬೇಡರ ಕಣ್ಣಪ್ಪನ ಕಥೆಗಿಂತ ತಕ್ಕ ನಿದರ್ಶನ ಚೆನ್ನೈ ಕನ್ನಡಿಗರಿಗೆ ದೊರೆಯದು. ಕಥೆ ನಡೆದ ಕಾಳಹಸ್ತಿ ಇಲ್ಲಿಂದ ಉತ್ತರಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಅದನ್ನು ಹನ್ನೆರಡನೆಯ ಶತಮಾನದಲ್ಲಿ ಶೇಕ್ಕಿಳಾರರು ತಮಿಳಿನ ಪೆರಿಯಪುರಾಣದಲ್ಲಿ ವಿಸ್ತರಿಸಿದರು. ಕನ್ನಡದಲ್ಲಿ ಹರಿಹರ ರಗಳೆಯಾಗಿ ಹಾಡಿದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವಾಗಿ, ರಾಜಕುಮಾರರನ್ನು ನಾಯಕರನ್ನಾಗಿ ನಾಡಿಗೆ ಪರಿಚಯಿಸಿತು. ಅದರ ನಿರ್ಮಾಣದಲ್ಲಿ ಗುಬ್ಬಿ ಸಂಸ್ಥೆಯೊಡನೆ ಕೈಜೋಡಿಸಿದ ಎ.ವಿ.ಎಂ. ನೆಲೆಸಿದ್ದ ವಡಪಳನಿಗೂ ನಮ್ಮ ಗಿಂಡಿಗೂ ಹೆಚ್ಚು ದೂರವಿಲ್ಲ.

ಮೊದಲು ಪ್ರಕಾರದ ಮಾತು. ಗಿರಿಜಾಕಲ್ಯಾಣವನ್ನು ಚಂಪುವಿನಲ್ಲಿ ರಚಿಸಿದ ಹರಿಹರನೇ ಶರಣರ ಕಥೆಗಳಿಗೆ ರಗಳೆಯನ್ನು ಆರಿಸಿಕೊಂಡ. ಪದ್ಯ ಪದ್ಯಕ್ಕೂ ನಿಲ್ಲದೆ, ಎರಡೆರಡು ಸಾಲಿನ ಪ್ರಾಸದಲ್ಲಿ ಮುಂದಕ್ಕೆ ನುಗ್ಗುವ ಆ ಬಂಧ ವಿಧಿನಿಷೇಧಗಳನ್ನರಿಯದ ಭಕ್ತಿಯ ಓಟಕ್ಕೆ ಹೇಳಿಮಾಡಿಸಿದಂತಿದೆ. ಚಲಚ್ಚಿತ್ರಕ್ಕೆ ಈ ಸಾಧನವಿಲ್ಲ. ಅದಕ್ಕೆ ಇರುವುದು ನಟನ ಮುಖ, ಕಂಠ ಮತ್ತು ಮೌನ. ಕಣ್ಣನ್ನು ಕಿತ್ತು ಅರ್ಪಿಸುವ ಸನ್ನಿವೇಶದಲ್ಲಿ ರಾಜಕುಮಾರರ ಅಭಿನಯ ರಗಳೆಯ ವೇಗಕ್ಕೆ ಸಮನಾದ ಬೇರೊಂದು ಆವೇಶವನ್ನು ಸಾಧಿಸಿತು. ಇಲ್ಲಿ ರೂಪಾಂತರ ಗೆದ್ದಿದೆ.

ಅದು ಸೋತದ್ದು ಅರ್ಚಕನ ಪಾತ್ರದಲ್ಲಿ. ಪೆರಿಯಪುರಾಣದ ಶಿವಗೋಚರಿಯಾರ್ ದುಷ್ಟನಲ್ಲ. ಆಗಮೋಕ್ತವಾಗಿ, ಶುಚಿಯಾಗಿ, ನಿಜವಾದ ಪ್ರೀತಿಯಿಂದ ಪೂಜಿಸುವವನು. ಲಿಂಗದ ಮುಂದೆ ಮಾಂಸವನ್ನು ಕಂಡು ಅವನು ಮರುಗುವುದು ಸಹಜ. ಶಿವನು ಅವನನ್ನು ದಂಡಿಸುವುದಿಲ್ಲ. ಕನಸಿನಲ್ಲಿ ಬೇಡನ ಮನಸ್ಸನ್ನು ತಿಳಿಸಿ, ಮರೆಯಲ್ಲಿದ್ದು ನೋಡೆನ್ನುತ್ತಾನೆ. ಅಲ್ಲಿ ಇದಿರಾಗುವುದು ಒಳಿತು-ಕೆಡುಕುಗಳಲ್ಲ, ಎರಡು ಬಗೆಯ ಭಕ್ತಿಗಳು. ಚಿತ್ರದಲ್ಲಿಯಾದರೋ ಅರ್ಚಕ ಕಪಟಿ. ದೇವಾಲಯದ ಒಡವೆಗಳ ಕಳವಿನ ಅಪವಾದ ನಿರಪರಾಧಿಯಾದ ಬೇಡನ ಮೇಲೆ ಬೀಳುತ್ತದೆ. ವೃತ್ತಿನಾಟಕದಿಂದ ಬಂದ ಕಥಾಸಂವಿಧಾನಕ್ಕೆ ಖಳನೊಬ್ಬ ಬೇಕಾಗಿದ್ದ. ದೇವರ ಹೆಸರಿನಲ್ಲಿ ನಡೆಯುವ ವಂಚನೆಯನ್ನು ಬಯಲಿಗೆಳೆಯುವ ಸಮಾಜಕಾಳಜಿಯೂ ಅದರಲ್ಲಿ ಉಂಟು. ಅದನ್ನು ಲಘುವೆಣಿಸಲಾಗದು.

ಆದರೆ ಅರ್ಚಕ ಕಳ್ಳನಾದೊಡನೆ ಪ್ರೇಕ್ಷಕನಿಗೆ ಕಳವಳವೇ ಉಳಿಯುವುದಿಲ್ಲ. ಯಾರ ಕಡೆ ನಿಲ್ಲಬೇಕೆಂಬುದು ಅವನಿಗೆ ಮೊದಲೇ ಗೊತ್ತು. ಪುರಾಣವನ್ನು ಓದುವವನಾದರೋ ಮರೆಯಲ್ಲಿ ನಿಂತ ಆ ಸಜ್ಜನನಲ್ಲಿ ತನ್ನನ್ನೇ ಕಾಣಬೇಕಾಗುತ್ತದೆ. ವಿದ್ಯೆ, ಶುಚಿ, ನಿಯಮಗಳನ್ನು ನೆಚ್ಚಿ ಬದುಕುವ ನಮ್ಮಂಥವರು ಬೇಡನಿಗಿಂತ ಆ ಅರ್ಚಕನಿಗೇ ಹತ್ತಿರದವರಲ್ಲವೇ? ಈ ಪ್ರಶ್ನೆಯನ್ನು ಚಿತ್ರ ನಮಗೆ ಕೇಳುವುದೇ ಇಲ್ಲ. ಪ್ರಸಂಗಗಳನ್ನು ಬದಲಿಸಿದ್ದು ಅದರ ದೋಷವಲ್ಲ; ಕಠಿನವಾದ ಪ್ರಶ್ನೆಯ ಸ್ಥಾನದಲ್ಲಿ ಸುಲಭವಾದ ಉತ್ತರವನ್ನಿಟ್ಟದ್ದು ದೋಷ.

ಹೊರನಾಡಿನಲ್ಲಿರುವ ನಮಗೆ ಇದು ಬರಿಯ ಸಾಹಿತ್ಯಚರ್ಚೆಯಲ್ಲ. ಇಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರು ಕನ್ನಡವನ್ನು ಆಡಬಲ್ಲರು, ಓದಲಾರರು. ಅವರು ಬಲ್ಲ ಕಣ್ಣಪ್ಪ ತೆರೆಯ ಮೇಲಿನವನೇ. ಚಿತ್ರವನ್ನು ಹಳಿದು ಪ್ರಯೋಜನವಿಲ್ಲ. ಅವರನ್ನು ಕಥೆಯ ಬಾಗಿಲಿಗೆ ತಂದು ನಿಲ್ಲಿಸಿದ್ದು ಅದೇ. ಆದರೆ ರಗಳೆಯನ್ನು ಸವಿಯಲು ಲಿಪಿಜ್ಞಾನ ಬೇಕಿಲ್ಲ, ಕಿವಿಯಿದ್ದರೆ ಸಾಕು. ನಮ್ಮ ಸಂಘಗಳು ಚಿತ್ರಪ್ರದರ್ಶನದ ಮರುವಾರವೇ ಹರಿಹರನ ರಗಳೆಯನ್ನು ವಾಚನ ಮಾಡಿಸಿ, ಪೆರಿಯಪುರಾಣವನ್ನು ಬಲ್ಲ ತಮಿಳು ವಿದ್ವಾಂಸರೊಬ್ಬರಿಂದ ಶಿವಗೋಚರಿಯಾರರ ಕಥೆಯನ್ನೂ ಹೇಳಿಸುವುದು ಲೇಸು.