ಐವತ್ತು ಕೆಜಿ ಸಾರಜನಕದ ಕೀರ್ತಿ

ಪ್ರಥಮ ಪಿಯುಸಿ ರಸಾಯನಶಾಸ್ತ್ರದಲ್ಲಿ ಒಂದು ಲೆಕ್ಕಕ್ಕೆ ಸಿಕ್ಕಿರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಸಿಕ್ಕಿಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ಮೊದಲ ಅಧ್ಯಾಯದಲ್ಲಿ ಬರುವ ಅಮೋನಿಯದ ಲೆಕ್ಕ ಅದು. 50.0 ಕೆಜಿ ಸಾರಜನಕಕ್ಕೆ 10.0 ಕೆಜಿ ಜಲಜನಕ ಸೇರಿಸಿದರೆ ಅಮೋನಿಯ ಎಷ್ಟು ಬರುತ್ತದೆ, ಲಿಮಿಟಿಂಗ್ ರಿಏಜೆಂಟ್, ಅಂದರೆ ಮೊದಲು ಖಾಲಿಯಾಗುವುದು, ಯಾವುದು? ಗೈಡುಗಳು ಇದನ್ನು ಇದ್ದ ಹಾಗೇ ಎತ್ತಿಕೊಂಡಿವೆ, ಕೋಚಿಂಗಿನವರು ಅಂಕಿ ಬದಲಿಸಿ ಮಾರುತ್ತಾರೆ. ಇದೊಂದು ಬಂದರೆ ಸ್ಟಾಯಿಕಿಯೊಮೆಟ್ರಿ ಪೂರ್ತಿ ಬಂದ ಹಾಗೆ ಎನ್ನುವ ಮೇಷ್ಟ್ರುಗಳು ಊರಿಗೊಬ್ಬರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

1811ರ ಅವೊಗಾಡ್ರೊ, 1860ರ ಕಾರ್ಲ್ಸ್‌ರುಹೆ ಸಮ್ಮೇಳನ, 2019ರಲ್ಲಿ 6.02214076 × 10²³ ಎಂದು ಖಾಯಂ ಆದ, ಒಂದು ಮೋಲಿನಲ್ಲಿರುವ ಕಣಗಳ ಸಂಖ್ಯೆ ಎಲ್ಲವೂ ಓದುಗರಿಗೆ ಗೊತ್ತಿರುವಂಥವು. ನೇರವಾಗಿ ಲೆಕ್ಕಕ್ಕೇ ಬರೋಣ.

ಪುಸ್ತಕ ಮೊದಲು ಎರಡನ್ನೂ ಮೋಲಿಗೆ ತಿರುಗಿಸುತ್ತದೆ. ಸಾರಜನಕ 17.86 × 10² ಮೋಲ್, ಜಲಜನಕ 4.96 × 10³ ಮೋಲ್. ಒಂದಕ್ಕೆ ಹತ್ತರ ಎರಡನೆಯ ಘಾತ, ಇನ್ನೊಂದಕ್ಕೆ ಮೂರನೆಯದು. ಅಕ್ಕಪಕ್ಕ ಇಟ್ಟು ಹೋಲಿಸಲೆಂದೇ ಬರೆದ ಎರಡು ಸಂಖ್ಯೆಗಳನ್ನು ಎರಡು ಅಳತೆಗೋಲಿನಲ್ಲಿ ಬರೆದದ್ದೇಕೆ? ಹದಿನಾರರ ಹುಡುಗಿಯ ಕಣ್ಣು 17 ಮತ್ತು 4ರ ಮೇಲೆ ಬೀಳುತ್ತದೆಯೇ ಹೊರತು ಮೇಲಿನ ಪುಟ್ಟ ಅಂಕಿಯ ಮೇಲಲ್ಲ. 1786 ಮತ್ತು 4960 ಎಂದು ಬರೆದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಇದು ಸಣ್ಣ ತಕರಾರು. ದೊಡ್ಡದು ಮುಂದಿದೆ. ಈ ಪಾಠದಲ್ಲಿ ಮಕ್ಕಳು ಮಾಡುವ ಮಾಮೂಲಿ ತಪ್ಪು ಯಾವುದೆಂದು ಯಾವ ಲೆಕ್ಚರರ್‌ನ ಕೇಳಿದರೂ ಹೇಳುತ್ತಾರೆ: ತೂಕದಲ್ಲಿ ಯಾವುದು ಕಡಿಮೆಯೋ ಅದೇ ಮೊದಲು ಖಾಲಿಯಾಗುತ್ತದೆ ಎಂದುಕೊಳ್ಳುವುದು. ಈಗ ಲೆಕ್ಕ ನೋಡಿ. ಐವತ್ತರ ಮುಂದೆ ಹತ್ತು ಕಡಿಮೆ. ಜಲಜನಕವೇ ಎಂದು ಬರೆದವನಿಗೆ ಸರಿ ಗುರುತು. 1786 ಮೋಲ್ ಸಾರಜನಕಕ್ಕೆ ಮೂರು ಪಟ್ಟು, ಅಂದರೆ ಸುಮಾರು 5360 ಮೋಲ್ ಜಲಜನಕ ಬೇಕು, ಇರುವುದು 4960 ಎಂದು ಕೂತು ಯೋಚಿಸಿದವಳಿಗೂ ಅದೇ ಸರಿ ಗುರುತು. ಮೋಲ್ ಎಂಬುದೇ ಗೊತ್ತಿಲ್ಲದವನನ್ನೂ ಪಾಸು ಮಾಡುವ ಲೆಕ್ಕ ಮೋಲಿನ ಪರೀಕ್ಷೆ ಹೇಗಾದೀತು? ಮೋಲ್ ಸಂಖ್ಯೆ ಯಾವುದು ಕಡಿಮೆಯೋ ಅದು ಎಂಬ ಇನ್ನೊಂದು ತಪ್ಪನ್ನು ಇದು ಹಿಡಿಯುತ್ತದೆ, ಒಪ್ಪಿದೆ. ಆದರೆ ಆ ತಪ್ಪು ಮಾಡಬೇಕಾದರೆ ಹುಡುಗ ಮೋಲಿನವರೆಗಾದರೂ ಬಂದಿರಬೇಕು. ಬಾರದವನ ಗತಿ?

ಹತ್ತನ್ನು ಹನ್ನೆರಡು ಮಾಡಿದ್ದರೆ ಸಾಕಿತ್ತು. 12.0 ಕೆಜಿ ಜಲಜನಕವೆಂದರೆ 5950 ಮೋಲಿನ ಆಸುಪಾಸು; ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು. ತೂಕದಲ್ಲಿ ನಾಲ್ಕು ಪಟ್ಟು ಮೀರಿಸುವ ಸಾರಜನಕ ಮೊದಲು ಮುಗಿದು, ಕಾಲು ಭಾಗದಷ್ಟೂ ತೂಗದ ಜಲಜನಕ ಮಿಗುತ್ತದೆ. ಊಹೆಯ ಉತ್ತರ ಅಲ್ಲಿಗೆ ಬಿದ್ದುಹೋಗುತ್ತದೆ. ಇಂಥ ಎರಡು ಕೆಜಿಯ ಬದಲಾವಣೆಯನ್ನು ಯಾರೂ ಸೂಚಿಸದೆ ಲೆಕ್ಕವನ್ನು ಹೊಗಳುತ್ತಲೇ ಬಂದಿದ್ದಾರೆ.

ಇನ್ನು ಉತ್ತರ. 4.96 × 10³ನ್ನು ಎರಡರಿಂದ ಗುಣಿಸಿ ಮೂರರಿಂದ ಭಾಗಿಸಿದರೆ 3.3067 × 10³. ಮೂರು ಸಾರ್ಥಕ ಅಂಕಿಗೆ ಇಳಿಸಿದರೆ 3.31. ಪುಸ್ತಕದಲ್ಲಿರುವುದು 3.30, ಅದನ್ನು 17.0ರಿಂದ ಗುಣಿಸಿ 56.1 ಕೆಜಿ ಎಂದು ಮುಗಿಸಿದ್ದಾರೆ. ಕೆಲವೇ ಪುಟಗಳ ಹಿಂದೆ ರೌಂಡಾಫ್ ಮಾಡುವ ನಿಯಮ ಹೇಳಿಕೊಟ್ಟದ್ದೂ ಇದೇ ಅಧ್ಯಾಯ. ಲವಾಸಿಯೆಯ ದ್ರವ್ಯರಾಶಿ ಸಂರಕ್ಷಣೆಯನ್ನು ಹೇಳಿಕೊಟ್ಟದ್ದೂ ಇದೇ. ಹಾಗಿದ್ದರೆ ತೂಗಿಯೇ ನೋಡೋಣ. ಖರ್ಚಾದ ಸಾರಜನಕ 46.3 ಕೆಜಿ, ಉಳಿದದ್ದು 3.7. ಅದಕ್ಕೆ 56.1 ಕೂಡಿಸಿದರೆ 59.8. ಒಳಗೆ ಹೋದದ್ದು 60. ಇನ್ನೂರು ಗ್ರಾಂ ಎಲ್ಲಿ ಹೋಯಿತು? ಅದು ರೌಂಡಾಫಿನ ವ್ಯತ್ಯಾಸ, ರಸಾಯನಶಾಸ್ತ್ರಕ್ಕೆ ಅದರಿಂದ ಧಕ್ಕೆಯಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಉಳಿದದ್ದೆಷ್ಟು ಎಂದು ಲೆಕ್ಕ ಒಮ್ಮೆ ಕೇಳಿದ್ದರೆ ಬರೆದವರಿಗೇ ಈ ಕೊರತೆ ಕಾಣುತ್ತಿತ್ತು. ಕೇಳಿಲ್ಲ. ಸಾರಜನಕ ಮಿಕ್ಕಿದೆ ಎಂಬುದರ ಮೇಲೆಯೇ ನಿಂತ ಲೆಕ್ಕ, ಮಿಕ್ಕದ್ದರ ತೂಕವನ್ನೇ ಕೇಳುವುದಿಲ್ಲ.

ಇದಕ್ಕೆಲ್ಲ ಮದ್ದು ತ್ರೈರಾಶಿಕ ಎನ್ನುವ ಬಣವೊಂದಿದೆ. ಲೀಲಾವತಿಯ ಕಾಲದಿಂದ ನಮ್ಮಲ್ಲೇ ಇರುವುದನ್ನು ಬಿಟ್ಟು ಮೋಲ್ ಏಕೆ, 6 ಕೆಜಿ ಜಲಜನಕಕ್ಕೆ 34 ಕೆಜಿ ಅಮೋನಿಯ ಆದರೆ 10ಕ್ಕೆ ಎಷ್ಟು ಎಂದರೆ ಮುಗಿಯಿತಲ್ಲ ಎಂಬುದು ಅವರ ವಾದ. ಮುಗಿಯಿತು, ನಿಜ. 1792ರಲ್ಲಿ ಸ್ಟಾಯಿಕಿಯೊಮೆಟ್ರಿ ಎಂಬ ಹೆಸರನ್ನೇ ಹುಟ್ಟುಹಾಕಿದ ರಿಕ್ಟರ್ ಕೂಡ ಪರಮಾಣುವಿನ ಹಂಗಿಲ್ಲದೆ ತೂಕಗಳಲ್ಲೇ ಲೆಕ್ಕ ಮಾಡಿದವನು. ಆದರೆ 6 ಮತ್ತು 34 ಬಂದದ್ದೆಲ್ಲಿಂದ? ಒಂದು ಸಾರಜನಕದ ಅಣುವಿಗೆ ಮೂರು ಜಲಜನಕದ ಅಣು ಎಂಬ ಎಣಿಕೆಯಿಂದ. ಎಣಿಕೆಯನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡು ಮುಂಬಾಗಿಲಲ್ಲಿ ಮೋಲ್ ಬೇಡ ಎಂದು ಬೋರ್ಡು ಹಾಕಿದರೆ ಅದಕ್ಕೆ ಪರಂಪರೆಯ ಹೆಸರು ಬೇರೆ!

ಎದುರು ಬಣದವರದು ಯೂನಿಟ್ ಹೊಡೆಯುವ ಪಂಥ. ಗ್ರಾಂಗೆ ಗ್ರಾಂ, ಮೋಲಿಗೆ ಮೋಲ್ ಹೊಡೆದುಹಾಕಿದರೆ ಉತ್ತರ ತಾನಾಗಿ ಬೀಳುತ್ತದಂತೆ. ಪುಸ್ತಕ ಇವರ ಕಡೆಗೇ ವಾಲಿದೆ. ಈ ವಿಧಾನದಲ್ಲಿ ಶಿಸ್ತಿದೆ, ಬೋರ್ಡಿನ ಮೇಲೆ ಚೆನ್ನಾಗಿಯೂ ಕಾಣುತ್ತದೆ. ಆದರೆ 3.31 ಇರಬೇಕಾದ ಕಡೆ 3.30 ಕೂತದ್ದನ್ನು ಯೂನಿಟ್ಟುಗಳು ಹಿಡಿದುಕೊಡಲಿಲ್ಲ. ಹಿಡಿಯುವುದು ಅವುಗಳಿಂದ ಆಗದು; ಎರಡೂ ಮೋಲೇ. ಅದನ್ನು ಹಿಡಿಯಬಲ್ಲದ್ದು ತಕ್ಕಡಿ. ಈ ಎರಡು ಬಣಗಳ ಜಗಳದಲ್ಲಿ ತಕ್ಕಡಿಯ ಹೆಸರೆತ್ತಿದವರನ್ನು ನಾನಂತೂ ಕಂಡಿಲ್ಲ.

ಇಳುವರಿ ಪೂರ್ತಿ ಬರುತ್ತದೆ ಎಂದುಕೊಂಡ ವಿಚಾರದಲ್ಲಿ ಮಾತ್ರ ಪುಸ್ತಕಕ್ಕೆ ವಿನಾಯಿತಿ ಕೊಡಬಹುದು. ಅಮೋನಿಯ ತಯಾರಿಯಲ್ಲಿ ಒಂದು ಸುತ್ತಿಗೆ ಅನಿಲದ ಸಣ್ಣ ಪಾಲಷ್ಟೇ ಅಮೋನಿಯವಾಗುತ್ತದೆ, ಮಿಕ್ಕದ್ದನ್ನು ಮತ್ತೆ ಒಳಗೆ ಕಳಿಸುತ್ತಾರೆ. ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆಗೂ ಇದೇ ರಸಾಯನಶಾಸ್ತ್ರ. ಸಮತೋಲನದ ಪಾಠ ಆಗದ ಮಕ್ಕಳ ಮುಂದೆ ಅದನ್ನು ತೆಗೆಯಬೇಕಿಲ್ಲ. ಆದರೆ ಮಿಕ್ಕದ್ದನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸಕ್ಕೆ ಸಮತೋಲನದ ಪಾಠ ಬೇಕಿಲ್ಲವಲ್ಲ. ಉಳಿದದ್ದೆಷ್ಟು ಎಂಬ ಉಪಪ್ರಶ್ನೆ ಸೇರಿಸಿದರೆ ಮೌಲ್ಯಮಾಪನದ ಹೊರೆ ಹೆಚ್ಚುತ್ತದೆ ಎಂಬ ಗೊಣಗಾಟ ಬರುತ್ತದೆ, ಬರಲಿ. ಹನ್ನೆರಡು ಕೆಜಿಯ ಲೆಕ್ಕದಲ್ಲಿ ಉಳಿಯುವ ಜಲಜನಕ ಸುಮಾರು 1.2 ಕೆಜಿ, ಬರುವ ಅಮೋನಿಯ 60.8, ಎರಡೂ ಸೇರಿ 62. ಉತ್ತರಪತ್ರಿಕೆಯಲ್ಲಿ ಅದಕ್ಕೆ ಬೇಕಾದದ್ದು ಒಂದು ಸಾಲು.