ಮೀನೂಟದ ಹೋಟೆಲಿನ ಹದ

ಮಂಗಳೂರು, ಮಲ್ಪೆ ಕಡೆ ರಜೆಗೆ ಹೋದವರು ಊಟಕ್ಕೆ ಕಡಲು ಕಾಣುವ ರೆಸಾರ್ಟಿಗಿಂತ ಪೇಟೆಯೊಳಗಿನ ಪುಟ್ಟ ಮೀನೂಟದ ಹೋಟೆಲನ್ನು ಹುಡುಕಬೇಕು. ಅಲ್ಲಿಯ ಕೈಚಳಕ ಬಂಗುಡೆ ಪುಳಿಮುಂಚಿಯಲ್ಲೇ ಗೊತ್ತಾಗುತ್ತದೆ: ಹುರಿದ ಒಣಮೆಣಸು, ಹುಣಸೆಹುಳಿ ಸೇರಿದ ಮಸಾಲೆ ಹಸಿವಾಸನೆ ಹೋಗುವಷ್ಟು ಕುದಿದ ಮೇಲೆಯೇ ಮೀನು ಬೀಳುವುದು. ಆಮೇಲೆ ಸೌಟು ಆಡಿಸುವುದಿಲ್ಲ, ಪಾತ್ರೆಯನ್ನೇ ಹಿಡಿದು ಕುಲುಕುತ್ತಾರೆ, ತುಂಡು ಒಡೆಯಬಾರದಲ್ಲ! ಪಕ್ಕದ ಕಾವಲಿಯಲ್ಲಿ ನೀರುದೋಸೆ. ಹಿಟ್ಟನ್ನು ಸೌಟಿನಿಂದ ಹರಡದೆ ಹೊಯ್ದು, ಮುಚ್ಚಿ ಬೇಯಿಸಿ, ಮಗುಚದೆ ಮಡಚುತ್ತಾರೆ. ಗದ್ದಲ, ಸೆಕೆ ಎಂಬ ದೂರು ನಿಜವೇ. ಆದರೆ ಗಿರಾಕಿ ನುಗ್ಗುವಲ್ಲಿ ಮೀನು ಮರುದಿನಕ್ಕೆ ಉಳಿಯುವುದು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗೇನು ತಿನ್ನುವುದು ಎನ್ನಬಹುದು. ಹೊಳೆಮೀನಿದೆ, ನಾಡದೋಣಿಯವರು ತಂದದ್ದಿದೆ; ಅದೂ ಇಲ್ಲದಿದ್ದರೆ ಕುಚ್ಚಲಕ್ಕಿ ಗಂಜಿಗೆ ಒಣಸಿಗಡಿ ಚಟ್ನಿ ಕೇಳಿ.